ಮಡಿಕೇರಿಯ ನಮ್ಮ ಲೇಡೀಸ್ ಪಿಜಿ: ಮನೆ ಭದ್ರ, ದಾರಿ ಕತ್ತಲೆ

ಕಾಲೇಜಿಗೆ ಸೇರಿದಾಗಿನಿಂದ ಇಲ್ಲೇ ಇದ್ದೇನೆ. ರಾತ್ರಿ 9ಕ್ಕೆ ಗೇಟಿಗೆ ಬೀಗ ಬೀಳುತ್ತದೆ, ಆದರೆ ವಿರಾಜಪೇಟೆ ಬಸ್ಸು ತಡವಾಯಿತು ಅಂತ ಫೋನ್ ಮಾಡಿದರೆ ಪಿಜಿ ನೋಡಿಕೊಳ್ಳುವ ಆಂಟಿ ಬೈಯದೆ ಟಾರ್ಚ್ ಹಿಡಿದು ತಿರುವಿನವರೆಗೂ ಬಂದು ನಿಲ್ಲುತ್ತಾರೆ, ಅಷ್ಟು ಧೈರ್ಯ ಸಾಕಲ್ವಾ? ರೂಮಿಗೆ ಗಟ್ಟಿ ಚಿಲಕ ಇದೆ. ಅಡುಗೆಮನೆ ಗೋಡೆಯಲ್ಲಿ ತುರ್ತು ಸಹಾಯದ ನಂಬರ್ 112 ಅಂತ ದೊಡ್ಡದಾಗಿ ಬರೆದಿದ್ದಾರೆ. ಊಟ ಸುಮಾರು.

ಬೇಜಾರು ಒಂದೇ. ರಸ್ತೆಯಿಂದ ಇಳಿಯುವ ಮೆಟ್ಟಿಲಿನ ಲೈಟು ಜೂನ್‌ನಿಂದ ಉರಿಯುತ್ತಿಲ್ಲ. ಮಳೆಗಾಲದಲ್ಲಿ ಸಂಜೆಗೇ ಮಂಜು ಕವಿಯುತ್ತದೆ, ಕರೆಂಟೂ ಹೋಗುತ್ತದೆ, ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ನನ್ನ ಮೊಣಕಾಲು ತರಚಿತು. ಮೂರು ಸಲ ಹೇಳಿದರೂ ಬಲ್ಬು ಬಂದಿಲ್ಲ. ಸೇರುವವರು ಹಗಲಲ್ಲಿ ರೂಮು ನೋಡಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ, ಸಂಜೆ 7ರ ಮೇಲೆ ಬಸ್‌ಸ್ಟ್ಯಾಂಡಿನಿಂದ ಒಮ್ಮೆ ನಡೆದು ಬನ್ನಿ.