ಮಿಡಿ ಉಪ್ಪಿನಕಾಯಿ ಅಂಗಡಿಗೆ ಯಾವ ಲೈವ್ ಚಾಟ್? ಮೂರನ್ನೂ ಹಾಕಿ ನೋಡಿದ ಮೇಲೆ

ವೆಬ್‌ಸೈಟ್‌ನ ಮೂಲೆಯಲ್ಲಿ ಗಿರಾಕಿ ಟೈಪ್ ಮಾಡಿ ಮಾತಾಡುವ ಪೆಟ್ಟಿಗೆಯೇ ಲೈವ್ ಚಾಟ್. ಅದಕ್ಕೆ ನಾನು ಹಾಕಿ ನೋಡಿದ್ದು ಮೂರು ತಂತ್ರಾಂಶ: ಚಾಟ್‌ವೂಟ್, ರಾಕೆಟ್.ಚಾಟ್, ಲೈವ್ ಹೆಲ್ಪರ್ ಚಾಟ್. ಮೊದಲೇ ಹೇಳಿಬಿಡುತ್ತೇನೆ, ನಾನು ಲೈವ್ ಹೆಲ್ಪರ್ ಚಾಟ್ ಕಡೆಯವನು. ಈ ಮಾತು ಹೇಳುವ ಹೊತ್ತಿಗೆ ಒಂದು 4 ಜಿಬಿ ಸರ್ವರ್‌ಗೆ ಇಡೀ ವರ್ಷದ ಬಾಡಿಗೆ, 14 ಸಾವಿರ ರೂಪಾಯಿ, ಒಟ್ಟಿಗೆ ಕಟ್ಟಿಯಾಗಿತ್ತು. ಆ ಸರ್ವರ್ ನನಗೆ ಬೇಕಾಗಿಯೇ ಇರಲಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಶಿರಸಿ ಹತ್ತಿರ ನಮ್ಮ ಭಾವನ ಒಂದು ಸಣ್ಣ ವ್ಯಾಪಾರ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಜೇನು, ಒಣ ಮುರುಗಲು ಸಿಪ್ಪೆ. ವೆಬ್‌ಸೈಟ್ ನೋಡಿಕೊಳ್ಳುವುದು ಮೈಸೂರಿನಲ್ಲಿ ಕೂತ ನಾನು. 1 ಜಿಬಿ ರ‍್ಯಾಮ್ ಇರುವ ಉಬುಂಟು ಸರ್ವರ್, ಅದರ ಮೇಲೆ ಸೈಟ್ ನಡೆಸುವ ವರ್ಡ್‌ಪ್ರೆಸ್, ಅಂಗಡಿ ನಡೆಸುವ ವೂಕಾಮರ್ಸ್. ತಿಂಗಳಿಗೆ 450 ರೂಪಾಯಿ. ಫೆಬ್ರವರಿ ಬಂತು ಅಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಮಿಡಿ ಬಂತಾ?" ಫೋನ್ ಎತ್ತಿ ಎತ್ತಿ ಭಾವನಿಗೆ ಸಾಕಾಗಿತ್ತು. ಮೊದಲು ಒಂದು ಪುಕ್ಕಟೆ ಚಾಟ್ ಸೇವೆಯ ಕೋಡ್ ಅಂಟಿಸಿದ್ದೆವು. ಮೂಲೆಯಲ್ಲಿ ಅವರ ಜಾಹೀರಾತು ಕೂತಿರುತ್ತಿತ್ತು. ಗಿರಾಕಿಗಳ ಫೋನ್ ನಂಬರು, ವಿಳಾಸ ಎಲ್ಲಾ ಯಾರದ್ದೋ ಕಂಪ್ಯೂಟರ್‌ನಲ್ಲಿ. ನಮ್ಮ ಸರ್ವರ್ ಇರುವಾಗ ನಮ್ಮಲ್ಲೇ ಹಾಕಿಕೊಳ್ಳಬಹುದಲ್ವಾ ಅನ್ನಿಸಿತು. ಶುರುವಾಗಿದ್ದು ಅಲ್ಲಿಂದ.

ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವುದು ಚಾಟ್‌ವೂಟ್. ನೋಡಲು ಚೆಂದ. ವೆಬ್‌ಸೈಟ್ ಚಾಟ್, ಇಮೇಲ್, ವಾಟ್ಸಾಪ್, ಟೆಲಿಗ್ರಾಂ ಎಲ್ಲಾ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ. ಮೊಬೈಲ್ ಆ್ಯಪ್ ಇದೆ. ನನಗೆ ಆಸೆ ಹುಟ್ಟಿದ್ದು ಸುಳ್ಳಲ್ಲ. ಆದರೆ ಅದು ಒಂಟಿ ತಂತ್ರಾಂಶ ಅಲ್ಲ, ಒಂದು ಸಂಸಾರ. ರೂಬಿ ಭಾಷೆಯ ರೂಬಿ ಆನ್ ರೈಲ್ಸ್ ಒಂದು ಕಡೆ, ಹಿನ್ನೆಲೆ ಕೆಲಸಕ್ಕೆ ಸೈಡ್‌ಕಿಕ್ ಇನ್ನೊಂದು ಕಡೆ, ಡೇಟಾಗೆ ಪೋಸ್ಟ್‌ಗ್ರೆಸ್, ನಡುವೆ ತಾತ್ಕಾಲಿಕ ನೆನಪಿಗೆ ರೆಡಿಸ್. ಅಂಗಡಿ ನಡೆಯುತ್ತಿರುವ ಸರ್ವರ್ ಮುಟ್ಟುವ ಧೈರ್ಯ ಬರಲಿಲ್ಲ. ಅಷ್ಟೇ ಗಾತ್ರದ ಇನ್ನೊಂದನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ಅವರ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಿದೆ. ಅಸೆಟ್‌ಗಳನ್ನು (ಪುಟದ ನೋಟಕ್ಕೆ ಬೇಕಾದ ಫೈಲ್‌ಗಳನ್ನು) ಕಂಪೈಲ್ ಮಾಡುವ ಹಂತದಲ್ಲಿ "ಕಿಲ್ಡ್" ಅಂತ ಒಂದೇ ಪದ ಬಂದು ನಿಂತಿತು. ಆ ಕೆಲಸ ಮಾಡುವ ನೋಡ್ ಜೆಎಸ್‌ಗೆ 4096 ಎಂಬಿ, ಅಂದರೆ 4 ಜಿಬಿ ತನಕ ಬಳಸಲು ಅನುಮತಿ ಇರುತ್ತದೆ. ನನ್ನ ಹತ್ತಿರ ಇದ್ದದ್ದೇ 1 ಜಿಬಿ. ಎಷ್ಟು ರ‍್ಯಾಮ್ ಬೇಕು ಅಂತ ಅವರ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಓದದೆ ಹೋದವನು ನಾನು.

ಆಗ ತಗೊಂಡಿದ್ದೇ ಆ 4 ಜಿಬಿ ಸರ್ವರ್. ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರು, ಕಟ್ಟಿದೆ.

ಇಷ್ಟು ದೊಡ್ಡದು ತಗೊಂಡ ಮೇಲೆ ರಾಕೆಟ್.ಚಾಟ್ ಕೂಡ ಒಂದು ಕೈ ನೋಡೋಣ ಅನ್ನಿಸಿತು. ಇದು ಮುಖ್ಯವಾಗಿ ಕಚೇರಿಯೊಳಗಿನ ಮಾತುಕತೆಗೆ ಇರುವಂಥದ್ದು. ಗಿರಾಕಿಗಳ ಲೈವ್ ಚಾಟ್ ಅದರ ಒಂದು ಭಾಗ. ಕೆಳಗೆ ಮೊಂಗೋಡಿಬಿ ಅನ್ನುವ ಡೇಟಾಬೇಸ್ ಇರಬೇಕು. ಅದೂ ರೆಪ್ಲಿಕಾ ಸೆಟ್ (ನಕಲು ಇಟ್ಟುಕೊಳ್ಳುವ ಗುಂಪು) ಆಗಿ, ಇರುವುದು ಒಂದೇ ಯಂತ್ರವಾದರೂ. ಡಾಕರ್‌ನಲ್ಲಿ (ತಂತ್ರಾಂಶವನ್ನು ಬೇಕಾದ್ದೆಲ್ಲದರ ಜೊತೆ ಕಂಟೇನರ್ ಅನ್ನುವ ಗಂಟಾಗಿ ಓಡಿಸುವ ಪದ್ಧತಿ) ಎಬ್ಬಿಸಿದೆ. ಮೊಂಗೋ ಎದ್ದ ಕೂಡಲೇ ಬಿತ್ತು, ಎಕ್ಸಿಟ್ ಕೋಡ್ 132. ಮತ್ತೆ ಎಬ್ಬಿಸಿದೆ, ಮತ್ತೆ 132. ಆ ಸಂಖ್ಯೆಯ ಅರ್ಥ, ಪ್ರೊಸೆಸರ್‌ಗೆ ಗೊತ್ತಿಲ್ಲದ ಆಜ್ಞೆ ಕೊಟ್ಟಿದ್ದೀರಿ ಅಂತ. ಮೊಂಗೋಡಿಬಿ 5.0ರಿಂದ ಈಚೆಗೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್ ಅನ್ನುವ ವಿಶೇಷ ಆಜ್ಞೆಗಳ ಸೌಲಭ್ಯ ಇರಲೇಬೇಕು. ನನಗೆ ಸಿಕ್ಕ ವರ್ಚುವಲ್ ಯಂತ್ರದ ಸಿಪಿಯು ಸೌಲಭ್ಯಗಳ ಪಟ್ಟಿಯಲ್ಲಿ ಹುಡುಕಿದೆ, ಎವಿಎಕ್ಸ್ ಅನ್ನುವ ಪದವೇ ಇಲ್ಲ. ಸರ್ವರ್ ಕೊಟ್ಟವರನ್ನು ಕೇಳಿದರೆ, ಈ ಪ್ಲಾನ್‌ನಲ್ಲಿ ಹಾಗೇ ಅಂದರು. ರಾಕೆಟ್.ಚಾಟ್ ಕಥೆ ನನ್ನಲ್ಲಿ ಅಲ್ಲಿಗೇ ಮುಗಿಯಿತು. ಅದು ಒಳ್ಳೆಯದೋ ಕೆಟ್ಟದೋ ಹೇಳುವ ಹಕ್ಕು ನನಗಿಲ್ಲ, ಒಳಗೆ ಹೋಗಲೇ ಇಲ್ಲವಲ್ಲ. ನೀವು ಹಾಕುವುದಾದರೆ ದುಡ್ಡು ಕಟ್ಟುವ ಮುಂಚೆ ಎವಿಎಕ್ಸ್ ಇದೆಯಾ ಅಂತ ಕೇಳಿ.

ಚಾಟ್‌ವೂಟ್‌ಗೆ ವಾಪಸು ಬಂದೆ, ಈ ಸಲ ಡಾಕರ್‌ನಲ್ಲಿ. ಅಸೆಟ್‌ಗಳೆಲ್ಲ ಮೊದಲೇ ಸಿದ್ಧವಾಗಿ ಬರುವುದರಿಂದ ಕಂಪೈಲ್ ಗೊಡವೆ ಇಲ್ಲ. 4ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ಗೆ ಪಿಜಿವೆಕ್ಟರ್ ಅನ್ನುವ ಸೇರ್ಪಡೆ ಬೇಕು, ಅದಿರುವ ಸಿದ್ಧ ಡಾಕರ್ ಇಮೇಜನ್ನೇ ಹಾಕಿ. ಅರ್ಧ ಗಂಟೆಯಲ್ಲಿ ಲಾಗಿನ್ ಪುಟ ಬಂತು. ಖುಷಿಯಲ್ಲಿ ಭಾವನಿಗೆ ಫೋನ್ ಮಾಡಿದೆ. ಅವನು ಅಲ್ಲಿಂದ "ನಮಸ್ಕಾರ" ಅಂತ ಟೈಪ್ ಮಾಡಿದ. ನನ್ನ ಪರದೆಯಲ್ಲಿ ಏನೂ ಇಲ್ಲ. ಪುಟ ರಿಫ್ರೆಶ್ ಮಾಡಿದೆ. ನಮಸ್ಕಾರ ಅಲ್ಲಿದೆ! ನಾನು ಉತ್ತರ ಕೊಟ್ಟೆ. ಅವನಿಗೆ ಬರಲಿಲ್ಲ. ಅವನೂ ರಿಫ್ರೆಶ್ ಮಾಡಬೇಕಾಯಿತು. ಲೈವ್ ಚಾಟ್ ಅಂತ ಹಾಕಿದ್ದು ಅಂಚೆ ಕಚೇರಿ ಆಗಿ ಕೂತಿತ್ತು.

ಇದೊಂದಕ್ಕೆ ಮೂರು ರಾತ್ರಿ ಹೋದವು. ಮೊದಲ ರಾತ್ರಿ ರೆಡಿಸ್ ಮೇಲೆ ಅನುಮಾನ. ಪಾಸ್‌ವರ್ಡ್ ಬದಲಿಸಿದೆ, ನಾಲ್ಕೂ ಕಂಟೇನರ್ ನಿಲ್ಲಿಸಿ ಎಬ್ಬಿಸಿದೆ. ಎರಡನೇ ರಾತ್ರಿ ಫೈರ್‌ವಾಲ್ ಮೇಲೆ ಅನುಮಾನ. ಧೈರ್ಯ ಮಾಡಿ ಹತ್ತು ನಿಮಿಷ ಪೂರ್ತಿ ತೆಗೆದೇ ನೋಡಿದೆ (ನೀವು ಹಾಗೆ ಮಾಡಬೇಡಿ). ಏನೂ ವ್ಯತ್ಯಾಸ ಇಲ್ಲ. ಮೂರನೇ ರಾತ್ರಿ, ಬುದ್ಧಿ ಬಂದವನ ಹಾಗೆ, ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆಗೆದು ನೆಟ್‌ವರ್ಕ್ ಪಟ್ಟಿ ನೋಡಿದೆ. "ಕೇಬಲ್" ಅನ್ನುವ ವಿಳಾಸಕ್ಕೆ ಹೋದ ಕೋರಿಕೆ ಕೆಂಪಾಗಿ ಕೂತಿತ್ತು, 404. ಸೆಕೆಂಡುಗಟ್ಟಲೆ ಬಿಟ್ಟು ಮತ್ತೆ ಕೇಳುತ್ತಿದೆ, ಮತ್ತೆ 404. ರೈಲ್ಸ್ ಲಾಗ್ ತೆಗೆದರೆ ಅಲ್ಲಿ ಮೂರು ದಿನದಿಂದ ಒಂದೇ ಗೋಳು. ವೆಬ್‌ಸಾಕೆಟ್‌ಗೆ (ಎರಡೂ ಕಡೆ ಸದಾ ತೆರೆದಿರುವ ಲೈನ್‌ಗೆ) ಏರಲು ಆಗಲಿಲ್ಲ, ಕನೆಕ್ಷನ್ ಅನ್ನುವಲ್ಲಿ "ಕ್ಲೋಸ್" ಇದೆ, ಅಪ್‌ಗ್ರೇಡ್ ಅನ್ನುವಲ್ಲಿ ಖಾಲಿ. ಲಾಗ್ ಅಷ್ಟು ಬಿಡಿಸಿ ಹೇಳುತ್ತಿತ್ತು. ಕೇಳುವವನೇ ಬೇರೆ ಕಡೆ ಹುಡುಕುತ್ತಿದ್ದ.

ಆಗಿದ್ದು ಇಷ್ಟು. ಚಾಟ್‌ವೂಟ್ ಮುಂದೆ ನಾನು ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರನ್ನು ಬಾಗಿಲು ಕಾಯಲು ಇಟ್ಟಿದ್ದೆ (ಹೀಗೆ ನಡುವೆ ನಿಲ್ಲುವುದಕ್ಕೆ ಪ್ರಾಕ್ಸಿ ಅನ್ನುತ್ತಾರೆ). ಬ್ರೌಸರ್ ಬಂದು "ಇಗೋ ಕೋರಿಕೆ, ಆದರೆ ಫೋನ್ ಇಡಬೇಡ, ಲೈನ್ ಹಿಡಿದೇ ಇರು" ಅಂತ ಹೇಳುತ್ತದೆ. ಅದೇ ಅಪ್‌ಗ್ರೇಡ್ ಹೆಡರ್, ಕೋರಿಕೆಯ ಜೊತೆ ಬರುವ ಸೂಚನೆಯ ಸಾಲು. ಬಾಗಿಲಲ್ಲಿ ನಿಂತ ಎಂಜಿನ್‌ಎಕ್ಸ್ ಪತ್ರವನ್ನು ಒಳಗೆ ಕೊಡುತ್ತದೆ, ಬಾಯಿಮಾತು ಮುಟ್ಟಿಸುವುದಿಲ್ಲ. ನಾವು ಹೇಳದ ಹೊರತು ಅಪ್‌ಗ್ರೇಡ್, ಕನೆಕ್ಷನ್ ಎರಡೂ ಹೆಡರ್ ಅಲ್ಲೇ ಉಳಿಯುತ್ತವೆ. ಬದಲಿಗೆ ತಾನೇ "ಕ್ಲೋಸ್" ಅಂತ ಬರೆದು ಕಳಿಸುತ್ತದೆ. ಮಾಮೂಲಿ ಪುಟಗಳಿಗೆ ಇದರಿಂದ ಏನೂ ತೊಂದರೆ ಇಲ್ಲ, ಹಾಗಾಗಿ ಲಾಗಿನ್, ಸೆಟ್ಟಿಂಗ್ಸ್ ಎಲ್ಲಾ ಸರಿಯಾಗಿಯೇ ಕಾಣುತ್ತಿದ್ದವು. ನಾನು ಹಳೇ ಸೈಟ್ ಒಂದರ ಕಾನ್ಫಿಗ್ ಫೈಲನ್ನು ಸುಮ್ನೆ ನಕಲು ಮಾಡಿದ್ದೆ. ಅದರಲ್ಲಿ ಆ ಸಾಲುಗಳು ಇರಲಿಲ್ಲ.

ಸೇರಿಸಿದ್ದು ಮೂರೇ ಸಾಲು: ಪ್ರಾಕ್ಸಿಯ ಎಚ್‌ಟಿಟಿಪಿ ಆವೃತ್ತಿ 1.1, ಅಪ್‌ಗ್ರೇಡ್ ಹೆಡರ್ ಬಂದದ್ದನ್ನು ಹಾಗೇ ದಾಟಿಸು, ಕನೆಕ್ಷನ್ ಹೆಡರ್‌ನಲ್ಲಿ ಅಪ್‌ಗ್ರೇಡ್ ಅಂತ ಬರೆ. ಎಂಜಿನ್‌ಎಕ್ಸ್ ರೀಲೋಡ್ ಮಾಡಿದೆ. 404 ಇದ್ದ ಜಾಗದಲ್ಲಿ 101 ಬಂತು, ಅಂದರೆ ವೆಬ್‌ಸಾಕೆಟ್‌ಗೆ ಏರಿತು. ಭಾವ ಟೈಪ್ ಮಾಡುತ್ತಿದ್ದದ್ದು ಇಲ್ಲಿ ಕಾಣುತ್ತಿತ್ತು. ರಾತ್ರಿ ಒಂದೂವರೆ ಗಂಟೆ. ನೀವೂ ಚಾಟ್‌ವೂಟ್ ಹಾಕುವವರಾದರೆ ಅದೇ ಫೈಲ್‌ನಲ್ಲಿ ಅಂಡರ್‌ಸ್ಕೋರ್ ಇರುವ ಹೆಡರ್‌ಗಳಿಗೂ ಅನುಮತಿ ಕೊಟ್ಟುಬಿಡಿ. ಇಲ್ಲವಾದರೆ ಎಪಿಐ ಟೋಕನ್ (ಬೇರೆ ತಂತ್ರಾಂಶ ಚಾಟ್‌ವೂಟ್ ಜೊತೆ ಮಾತಾಡಲು ಬಳಸುವ ಕೀಲಿ) ಇರುವ ಹೆಡರನ್ನು ಎಂಜಿನ್‌ಎಕ್ಸ್ ನಡುದಾರಿಯಲ್ಲಿ ಬಿಸಾಕುತ್ತದೆ. ಅದಕ್ಕೆ ಇನ್ನೊಂದು ರಾತ್ರಿ ಕೊಡಬೇಡಿ.

ಚಾಟ್‌ವೂಟ್ ಆಮೇಲೆ ಚೆನ್ನಾಗಿಯೇ ನಡೆಯಿತು. ಎರಡು ವಾರ. ಯಾರೂ ಮಾತಾಡದೆ ಸುಮ್ಮನಿದ್ದಾಗಲೂ ಸುಮಾರು ಒಂದೂವರೆ ಜಿಬಿ ರ‍್ಯಾಮ್ ಹಿಡಿದಿರುತ್ತಿತ್ತು. ದಿನಕ್ಕೆ ಎಂಟು ಚಾಟ್ ಬರುವ ಅಂಗಡಿಗೆ ಇದು ಎತ್ತಿನ ಗಾಡಿಗೆ ಲಾರಿ ಟೈರ್ ಹಾಕಿದ ಹಾಗೆ. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ನಾಳೆ ಏನಾದರೂ ಕೆಟ್ಟರೆ ರೂಬಿ ನನಗೆ ಬರುವುದಿಲ್ಲ, ಸೈಡ್‌ಕಿಕ್ ಬರುವುದಿಲ್ಲ, ಪೋಸ್ಟ್‌ಗ್ರೆಸ್ ಅರೆಬರೆ. ಪಿಎಚ್‌ಪಿಯಾದರೆ ಹದಿನೈದು ವರ್ಷದ ಒಡನಾಟ.

ಲೈವ್ ಹೆಲ್ಪರ್ ಚಾಟ್ ಹಾಕಿದ್ದು ಒಂದು ಭಾನುವಾರ ಬೆಳಗ್ಗೆ, ತಿಂಡಿಗೆ ಮುಂಚೆ, ಅದೇ ಹಳೇ 1 ಜಿಬಿ ಸರ್ವರ್‌ನಲ್ಲಿ. ಅದು ಬರೆದಿರುವುದೇ ಪಿಎಚ್‌ಪಿಯಲ್ಲಿ. ಪಿಎಚ್‌ಪಿ ಅಲ್ಲಿ ಮೊದಲೇ ಇತ್ತು, ಮಾರಿಯಾಡಿಬಿ ಡೇಟಾಬೇಸ್ ಇತ್ತು. ಫೋಲ್ಡರ್ ಏರಿಸಿದೆ, ಖಾಲಿ ಡೇಟಾಬೇಸ್ ಮಾಡಿದೆ, ಬ್ರೌಸರ್‌ನಲ್ಲಿ ಇನ್‌ಸ್ಟಾಲ್ ಪುಟ ತೆಗೆದೆ. ಕ್ಯಾಶ್, ವಾರ್, ಸೆಟ್ಟಿಂಗ್ಸ್ ಫೋಲ್ಡರ್‌ಗಳಿಗೆ ಬರೆಯಲು ಆಗುತ್ತಿಲ್ಲ ಅಂತ ಅದು ತಕರಾರು ತೆಗೆಯಿತು. ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ 777 (ಯಾರು ಬೇಕಾದರೂ ಬರೆಯಬಹುದು ಅನ್ನುವ ಅನುಮತಿ) ಕಡೆಗೆ ಹೋಗುತ್ತದೆ. ಬೇಡ. ಅವುಗಳ ಒಡೆತನವನ್ನು ವೆಬ್ ಸರ್ವರ್ ಬಳಕೆದಾರನ ಹೆಸರಿಗೆ ಬದಲಿಸಿದರೆ ಸಾಕು. ಇಪ್ಪತ್ತು ನಿಮಿಷದಲ್ಲಿ ಚಾಟ್ ಎದ್ದು ಕೂತಿತು. ಅವಲಕ್ಕಿ ಇನ್ನೂ ಬಿಸಿ ಇತ್ತು.

ಡೇಟಾಬೇಸ್ ಮಾಡುವಾಗ ಅಕ್ಷರ ಸೆಟ್ ಯುಟಿಎಫ್8ಎಂಬಿ4 ಅಂತಲೇ ಕೊಡಿ. ಕನ್ನಡ ಅಕ್ಷರಗಳಿಗೆ ಮೂರು ಬೈಟ್, ಹಳೇ ಯುಟಿಎಫ್8ರಲ್ಲೂ ಹಿಡಿಯುತ್ತವೆ. ಗಿರಾಕಿ ಒಂದು ಮೆಣಸಿನಕಾಯಿ ಇಮೋಜಿ ಕಳಿಸಿದರೆ ಅದಕ್ಕೆ ನಾಲ್ಕು ಬೇಕು.

ಇದರಲ್ಲಿ ವೆಬ್‌ಸಾಕೆಟ್ ರಗಳೆ ಇಲ್ಲ. ಬ್ರೌಸರ್ ಕೆಲವು ಸೆಕೆಂಡಿಗೊಮ್ಮೆ ಬಂದು "ಹೊಸದೇನಾದರೂ ಇದೆಯಾ" ಅಂತ ಕೇಳಿಕೊಂಡು ಹೋಗುತ್ತದೆ. ಹಳೇ ಪದ್ಧತಿ ಅಂತ ಮೂಗು ಮುರಿಯುವವರು ಮುರಿಯಲಿ. ಭಾವನ ಮನೆ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗಿ ಆಡುತ್ತಿರುತ್ತದೆ. ಒಂದು ಸುತ್ತು ತಪ್ಪಿದರೆ ಮುಂದಿನ ಸುತ್ತಿನಲ್ಲಿ ಸಂದೇಶ ಸಿಗುತ್ತದೆ, ಅಷ್ಟೇ.

ಇದಕ್ಕೂ ಬೆಲೆ ಇದೆ. "ಈ ವರ್ಷದ ಮಿಡಿ ಬಂತು" ಅಂತ ವಾಟ್ಸಾಪ್‌ನಲ್ಲಿ ಹಾಕಿದ ದಿನ ಒಮ್ಮೆಲೇ ಮೂವತ್ತು ನಲವತ್ತು ಜನ ಸೈಟಿಗೆ ಬಂದರು. ಪ್ರತಿಯೊಬ್ಬರ ಬ್ರೌಸರೂ ಸರ್ವರನ್ನು ಕೇಳುತ್ತಲೇ ಇತ್ತು. ಅಂಗಡಿ ಪುಟವೇ ತೆವಳತೊಡಗಿತು. ನೋಡಿದರೆ ಪಿಎಚ್‌ಪಿ ಕೆಲಸವನ್ನು ಹಂಚಿಕೊಡುವ ಎಫ್‌ಪಿಎಂನಲ್ಲಿ ಏಕಕಾಲಕ್ಕೆ ಐದೇ ಕೆಲಸಗಾರರು. ಉಬುಂಟುವಿನಲ್ಲಿ ಮೊದಲಿಂದ ಇರುವ ಲೆಕ್ಕವೇ ಅದು. ಹತ್ತಕ್ಕೆ ಏರಿಸಿದೆ, ಸ್ವಲ್ಪ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಕೊಟ್ಟೆ, ಉಸಿರಾಡಿತು. ನಿಮ್ಮದು ನೂರಾರು ಜನ ಒಟ್ಟಿಗೆ ಬರುವ ಸೈಟ್ ಆದರೆ ಅದರ ನೋಡ್ ಜೆಎಸ್ ಸೇರ್ಪಡೆ ಹಾಕಿಕೊಳ್ಳಬೇಕು. ಅಲ್ಲಿಗೆ ವೆಬ್‌ಸಾಕೆಟ್ ಮತ್ತೆ ಮನೆಗೆ ಬಂತು ಅನ್ನಿ.

ಇನ್ನೊಂದು ಕಿರಿಕಿರಿ. ಭಾವ ಆನ್‌ಲೈನ್ ಇದ್ದೇನೆ ಅನ್ನುತ್ತಾನೆ, ಗಿರಾಕಿಗೆ ಆಫ್‌ಲೈನ್ ತೋರಿಸುತ್ತದೆ. ಫೋನಿನ ಬ್ರೌಸರ್‌ನಲ್ಲಿ ಪುಟ ತೆಗೆದು, ಜೇಬಿಗೆ ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದ. ಪರದೆ ಆರಿದ ಮೇಲೆ ಆ ಪುಟ ನಿದ್ದೆ ಹೋಗುತ್ತದೆ. 300 ಸೆಕೆಂಡು ಸದ್ದಿಲ್ಲದಿದ್ದರೆ ಆಪರೇಟರ್ ಇಲ್ಲ ಅಂತ ತಂತ್ರಾಂಶ ತೀರ್ಮಾನಿಸುತ್ತದೆ. ಸದಾ ಆನ್‌ಲೈನ್ ಇಡುವ ಆಯ್ಕೆಯೂ ಇದೆ. ಆದರೆ ರಾತ್ರಿ ನ್ಯೂಜೆರ್ಸಿಯಿಂದ ಯಾರೋ ಬಂದು "ಹಲೋ, ಹಲೋ" ಅಂತ ಕೂತಿರುವುದು ಚೆಂದ ಅಲ್ಲ. ಕೊನೆಗೆ ಟೆಲಿಗ್ರಾಂ ಸೇರ್ಪಡೆ ಹಾಕಿದೆ. ಚಾಟ್ ಈಗ ಅವನ ಟೆಲಿಗ್ರಾಂಗೆ ಹೋಗುತ್ತದೆ, ಉತ್ತರವನ್ನೂ ಅಲ್ಲಿಂದಲೇ ಕೊಡುತ್ತಾನೆ. ಕೈಯಲ್ಲಿ ಮಿಡಿ, ಉಪ್ಪು ಇದ್ದರೆ ಧ್ವನಿಯಲ್ಲೇ ಟೈಪ್ ಮಾಡಿಸುತ್ತಾನೆ. ಒಮ್ಮೆ ಗಿರಾಕಿಗೆ ಹೋದ ಉತ್ತರದಲ್ಲಿ "ಅಮ್ಮಾ, ದನ ಬಂತು" ಅಂತಲೂ ಸೇರಿತ್ತು.

ಮಿಬ್ಯೂ ಅಂತ ಇನ್ನೊಂದಿದೆ. ಅದೂ ಪಿಎಚ್‌ಪಿ, ಹಗುರ, ಒಂದು ಕಾನ್ಫಿಗ್ ಫೈಲ್ ತುಂಬಿಸಿದರೆ ಆಯಿತು. ನೋಟ ಹಳೇ ಕಾಲದ್ದು, ನಾನು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ.

ಹಾಗಾದರೆ ಚಾಟ್‌ವೂಟ್ ಯಾರಿಗೆ? ಮೇಜಿನ ಮುಂದೆ ಕೂತು ಉತ್ತರ ಕೊಡುವ ನಾಲ್ಕು ಜನ ಇದ್ದರೆ, ವಾಟ್ಸಾಪ್, ಇಮೇಲ್ ಎಲ್ಲ ಒಂದೇ ಕಡೆ ಬೇಕಿದ್ದರೆ, ಸರ್ವರ್‌ಗೆ ತಿಂಗಳಿಗೆ ಸಾವಿರದ ಮೇಲೆ ಖರ್ಚು ಮಾಡಬಲ್ಲಿರಾದರೆ ಅದೇ ಸರಿ. ಹುಬ್ಬಳ್ಳಿಯ ಗೆಳೆಯನೊಬ್ಬನ ಕಚೇರಿಗೆ ನಾನೇ ಹಾಕಿಕೊಟ್ಟೆ. ಆ ಮೂರು ಸಾಲು ಈಗ ಬಾಯಿಪಾಠ, ಹತ್ತು ನಿಮಿಷದ ಕೆಲಸ. ನನ್ನಂತೆ ಹಳೇ ಸರ್ವರ್ ಇದೆ, ಪಿಎಚ್‌ಪಿ ಬಿಟ್ಟು ಬೇರೆ ಬರುವುದಿಲ್ಲ, ಉತ್ತರ ಕೊಡುವವನು ತೋಟದಲ್ಲಿದ್ದಾನೆ ಅನ್ನುವವರು ಲೈವ್ ಹೆಲ್ಪರ್ ಚಾಟ್ ಹಾಕಿಕೊಳ್ಳಿ. ಸೆಟ್ಟಿಂಗ್ಸ್ ಫೋಲ್ಡರ್‌ನ ಇನಿ ಫೈಲನ್ನೂ ಡೇಟಾಬೇಸನ್ನೂ ಬ್ಯಾಕಪ್ ಮಾಡಿ.

ಬ್ಯಾಕಪ್ ಅಂದಾಗ ನೆನಪಾಯಿತು. ಆ 4 ಜಿಬಿ ಸರ್ವರ್‌ನ ಬಾಡಿಗೆ ಇನ್ನೂ ಏಳು ತಿಂಗಳಿದೆ. ಅಂಗಡಿಯ ಬ್ಯಾಕಪ್ ಪ್ರತಿ ರಾತ್ರಿ ಅಲ್ಲಿಗೆ ಹೋಗಿ ಮಲಗುತ್ತದೆ. ಅಸಲು ಇರುವುದು ಕೋಣೆಯಲ್ಲಿ, ನಕಲಿಗೆ ಬಂಗಲೆ ಯಾಕೋ ಮಾರಾಯ ಅಂತ ಭಾವ ಮೊನ್ನೆ ಕೇಳಿದ. ಬಿಲ್ ಎಷ್ಟು ಅಂತ ಅವನಿಗೆ ಇನ್ನೂ ಹೇಳಿಲ್ಲ.