ಕ್ವೆರಿಟ್ರ್ಯಾಕರ್: ಹಸ್ತಪ್ರತಿ ಹತ್ತು ಕಡೆ ಹೋದಾಗ ಲೆಕ್ಕ ಇಡುವ ತಾಣ

ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಅಮೆರಿಕ, ಬ್ರಿಟನ್ನಿನಲ್ಲಿ ಪ್ರಕಟಿಸಲು ಹೊರಟವರಿಗೆ ಮೊದಲು ಎದುರಾಗುವವರು ಏಜೆಂಟರು, ಅಂದರೆ ಲೇಖಕರ ಪರವಾಗಿ ಪ್ರಕಾಶಕರೊಂದಿಗೆ ವ್ಯವಹರಿಸುವವರು. ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಹೆಚ್ಚಿನವು ಲೇಖಕರಿಂದ ನೇರವಾಗಿ ಹಸ್ತಪ್ರತಿ ತೆಗೆದುಕೊಳ್ಳುವುದಿಲ್ಲ. ಒಬ್ಬ ಏಜೆಂಟರಿಗೆ ಕಳಿಸಿ, ಉತ್ತರ ಬಂದ ಮೇಲೆ ಇನ್ನೊಬ್ಬರಿಗೆ ಕಳಿಸುತ್ತಾ ಕೂತರೆ ವರ್ಷಗಳೇ ಉರುಳುತ್ತವೆ. ಹಾಗಾಗಿ ಏಕಕಾಲಕ್ಕೆ ಹಲವರಿಗೆ ಕ್ವೆರಿ ಪತ್ರ (ಕೃತಿಯನ್ನು ಪರಿಚಯಿಸಿ, ಓದುವಿರಾ ಎಂದು ಕೇಳುವ ಪತ್ರ) ಕಳಿಸುವುದು ಅಲ್ಲಿ ಒಪ್ಪಿತ ರೂಢಿ. ಆದರೆ ಯಾರ ಬಳಿ ಏನಿದೆ ಎಂಬ ಲೆಕ್ಕ ತಪ್ಪಿದರೆ ಸಂಬಂಧ ಕೆಡುತ್ತದೆ. ಕ್ವೆರಿಟ್ರ್ಯಾಕರ್ ಎಂಬ ಜಾಲತಾಣ ಉಪಯೋಗಕ್ಕೆ ಬರುವುದು ಇಲ್ಲೇ.

ಉಚಿತ ಖಾತೆಯಲ್ಲೇ ಏಜೆಂಟರನ್ನು ಪ್ರಕಾರವಾರು ಹುಡುಕಬಹುದು, ಪತ್ರ ಕಳಿಸಿದ ದಿನಾಂಕ ದಾಖಲಿಸಬಹುದು, ಉತ್ತರ ಬಂದಂತೆ ಸ್ಥಿತಿ ಬದಲಿಸಬಹುದು: ಪತ್ರ ಹೋಗಿದೆ, ಕೆಲವು ಅಧ್ಯಾಯ ಕೇಳಿದ್ದಾರೆ, ಪೂರ್ತಿ ಹಸ್ತಪ್ರತಿ ಕೇಳಿದ್ದಾರೆ, ತಿರಸ್ಕೃತ. ಉಚಿತ ಖಾತೆಗೆ ಒಂದೇ ಕೃತಿಯ ಮಿತಿ. ಮೊದಲ ಕಾದಂಬರಿಗೆ ಅಷ್ಟು ಸಾಕು.

ಹಣ ಕೊಡುವುದಾದರೆ ಕೊಡಬೇಕಾದದ್ದು ಕಾಲಾನುಕ್ರಮದ ಮಾಹಿತಿಗಾಗಿ. ಒಬ್ಬ ಏಜೆಂಟ್ ಯಾವ ತಿಂಗಳ ಪತ್ರಗಳಿಗೆ ಈಗ ಉತ್ತರ ಕೊಡುತ್ತಿದ್ದಾರೆ, ಯಾವುದನ್ನು ದಾಟಿ ಮುಂದೆ ಹೋಗಿದ್ದಾರೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಜನವರಿಯ ಪತ್ರಗಳಿಗೆಲ್ಲ ಉತ್ತರ ಹೋಗಿ ನಿಮ್ಮದೊಂದೇ ಉಳಿದಿದ್ದರೆ, ಅದನ್ನು ಮತ್ತೆ ನೋಡೋಣವೆಂದು ಎತ್ತಿಟ್ಟಿರಬಹುದು. ಸ್ಪ್ಯಾಮ್‌ಗೆ ಹೋಗಿಯೂ ಇರಬಹುದು. ಇದೆಲ್ಲ ಬರಹಗಾರರೇ ತುಂಬಿದ ಮಾಹಿತಿ. ದಾಖಲಿಸದೆ ಬಿಟ್ಟವರು ಎಷ್ಟೋ ಮಂದಿ. ಹಾಗಾಗಿ ಇಲ್ಲಿನ ಶೇಕಡಾವಾರು ಅಂಕಿಗಳನ್ನು ಅಂದಾಜಾಗಿ ಮಾತ್ರ ನೋಡಿ. ದಿನಕ್ಕೆ ನಾಲ್ಕು ಸಲ ತೆರೆದು ನೋಡುವ ಚಟ ಹತ್ತಿದರೆ ಮುಂದಿನ ಕಾದಂಬರಿಯ ಬರವಣಿಗೆ ನಿಂತುಹೋಗುತ್ತದೆ, ಎಚ್ಚರ.

ಶಿಷ್ಟಾಚಾರವನ್ನು ಈ ತಾಣ ಕಲಿಸುವುದಿಲ್ಲ. ಅದನ್ನು ತಿಳಿದೇ ಬರಬೇಕು. ಒಂದು ಕಂತಿಗೆ ಐದರಿಂದ ಹತ್ತು ಪತ್ರ ಕಳಿಸಿ. ಎಲ್ಲೆಡೆಯಿಂದ ಬರೀ ನಿರಾಕರಣೆ ಬಂದರೆ ಪತ್ರವನ್ನೋ ಮೊದಲ ಪುಟಗಳನ್ನೋ ತಿದ್ದಲು ಅವಕಾಶ ಉಳಿದಿರುತ್ತದೆ. ನೂರು ಜನಕ್ಕೆ ಒಟ್ಟಿಗೇ ಕಳಿಸಿದರೆ ಆ ಅವಕಾಶ ಮುಗಿದಂತೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಪತ್ರ ಹೋಗಬೇಕು, ಒಂದೇ ಮೇಲ್‌ನಲ್ಲಿ ಎಲ್ಲರ ವಿಳಾಸ ತುಂಬಿದರೆ ಓದದೆಯೇ ಅಳಿಸುತ್ತಾರೆ. ಒಂದೇ ಏಜೆನ್ಸಿಯ ಇಬ್ಬರಿಗೆ ಒಟ್ಟಿಗೆ ಕಳಿಸಬೇಡಿ. ಕೆಲವು ಏಜೆನ್ಸಿಗಳಲ್ಲಿ ಒಬ್ಬರು ಬೇಡವೆಂದರೆ ಎಲ್ಲರೂ ಬೇಡವೆಂದಂತೆ. ಕಳಿಸುವ ಮುನ್ನ ಆ ಏಜೆನ್ಸಿಯ ಸ್ವಂತ ತಾಣದಲ್ಲಿ ನಿಯಮ ಓದಿ, ಇಲ್ಲಿನ ಮಾಹಿತಿ ಹಳತಾಗಿರಬಹುದು. ಯಾರಾದರೂ ತಮಗೊಬ್ಬರಿಗೇ ಓದಲು ಕೊಡಿ ಎಂದರೆ ಎರಡರಿಂದ ನಾಲ್ಕು ವಾರದ ಗಡುವು ಹಾಕಿ ಒಪ್ಪಿಕೊಳ್ಳಿ. ಪೂರ್ತಿ ಹಸ್ತಪ್ರತಿ ಆಗಲೇ ಬೇರೆಯವರ ಬಳಿ ಇದ್ದರೆ ಅದನ್ನು ಮುಚ್ಚಿಡಬೇಡಿ.

ಈ ತಾಣದ ನಿಜವಾದ ಬೆಲೆ ತಿಳಿಯುವುದು ಒಬ್ಬ ಏಜೆಂಟ್ ನಿಮ್ಮನ್ನು ಪ್ರತಿನಿಧಿಸಲು ಒಪ್ಪಿಗೆ ಕೊಟ್ಟ ದಿನ. ಆ ಸಂತೋಷದಲ್ಲಿ ಫೋನಿನಲ್ಲೇ ಹೂಂ ಅನ್ನಬೇಡಿ. ಎರಡು ವಾರ ಸಮಯ ಕೇಳಿ. ಅದು ಸಾಮಾನ್ಯ ಪದ್ಧತಿ. ತಾಣದಲ್ಲಿ ಇನ್ನೂ ಉತ್ತರ ಬಾರದ ಹೆಸರುಗಳನ್ನಷ್ಟೇ ಬೇರ್ಪಡಿಸಿ, ಹಸ್ತಪ್ರತಿ ಇಟ್ಟುಕೊಂಡಿರುವ ಪ್ರತಿಯೊಬ್ಬರಿಗೂ ಅದೇ ದಿನ ಬರೆಯಿರಿ. ಕಾದಂಬರಿಯ ಹೆಸರು, ಬೇರೆಡೆಯಿಂದ ಒಪ್ಪಿಗೆ ಬಂದಿರುವ ವಿಷಯ, ನೀವು ತೀರ್ಮಾನಿಸುವ ತಾರೀಖು, ಮೂರೇ ಸಾಲು ಸಾಕು. ಒಪ್ಪಿಗೆ ಕೊಟ್ಟವರು ಯಾರೆಂದು ಹೇಳಬೇಕಿಲ್ಲ. ಇಲ್ಲದ ಒಪ್ಪಿಗೆಯನ್ನು ಇದೆಯೆಂದು ಹೇಳಿ ಅವಸರಪಡಿಸುವುದು ಮಾತ್ರ ಕ್ಷಮೆಯಿಲ್ಲದ ತಪ್ಪು. ತೀರ್ಮಾನವಾದ ಮೇಲೆ ಉಳಿದವರಿಗೆಲ್ಲ ಹಿಂತೆಗೆತದ ಪತ್ರ ಹೋಗಬೇಕು. ಕ್ವೆರಿಮ್ಯಾನೇಜರ್ (ಹಲವು ಏಜೆಂಟರು ಪತ್ರ ಪಡೆಯಲು ಬಳಸುವ ಆನ್‌ಲೈನ್ ವ್ಯವಸ್ಥೆ) ನಮೂನೆಯ ಮೂಲಕ ಕಳಿಸಿದ್ದರೆ ಆಗ ಸಿಕ್ಕ ಕೊಂಡಿಯನ್ನು ಜೋಪಾನವಾಗಿಡಿ, ಸ್ಥಿತಿಯನ್ನು ಅದರಲ್ಲಿ ನೋಡಬಹುದು.

ಓದಲು ಶುಲ್ಕ ಕೇಳುವ ಏಜೆಂಟ್ ಸಿಕ್ಕರೆ ಅಲ್ಲಿಗೇ ಬಿಟ್ಟುಬಿಡಿ. ಅವರ ಗಳಿಕೆ ಪುಸ್ತಕ ಮಾರಾಟವಾದ ಮೇಲೆ ಸಿಗುವ ಕಮಿಷನ್, ಸ್ವದೇಶದ ಹಕ್ಕಿಗೆ ಸಾಮಾನ್ಯವಾಗಿ ಶೇ. 15, ವಿದೇಶಿ ಹಕ್ಕಿಗೆ ಶೇ. 20.

ಕನ್ನಡದ ಪ್ರಕಾಶಕರಿಗೆ ಕಳಿಸುವವರು ಈ ತಾಣಕ್ಕೆ ದುಡ್ಡು ಹಾಕಬೇಡಿ. ಕನ್ನಡದಲ್ಲಿ ವ್ಯವಹಾರ ನೇರವಾಗಿ ಪ್ರಕಾಶಕರೊಂದಿಗೆ. ಪ್ರಕಾಶಕರ ಹೆಸರು, ಕಳಿಸಿದ ದಿನ, ಕೊಟ್ಟ ಪ್ರತಿ, ಬಂದ ಉತ್ತರ ಎಂಬ ನಾಲ್ಕು ಕಾಲಮ್ಮಿನ ಎಕ್ಸೆಲ್ ಹಾಳೆ ಸಾಕು. ಬೇರೆಯವರಿಗೂ ಕೊಟ್ಟಿದ್ದರೆ ಮೊದಲ ಪತ್ರದಲ್ಲೇ ತಿಳಿಸಿ. ಮುಖಪುಟ, ಡಿಟಿಪಿ ಕೆಲಸ ಶುರುವಾದ ಮೇಲೆ ಕಾದಂಬರಿ ವಾಪಸ್ ಕೇಳಿದರೆ ಆಗಲೇ ಖರ್ಚು ಮಾಡಿರುವ ಪ್ರಕಾಶಕರಿಗೆ ನಷ್ಟ.