ಕೆರೆ ಹೂಳೆತ್ತೋದಾ, ಇನ್ನೊಂದು ಬೋರ್ ಕೊರೆಸೋದಾ?

ಕೋಲಾರ, ಚಿಕ್ಕಬಳ್ಳಾಪುರ ಕಡೆಯೋರಿಗೆ ಬೇಸಿಗೆ ಬಂತಂದ್ರೆ ಇದೇ ಚಿಂತೆ, ವರ್ಷಪೂರ್ತಿ ಹರಿಯೋ ನದಿ ಇಲ್ಲ, ಇರೋದು ಹಿರಿಯರು ಕಟ್ಟಿದ ಕೆರೆ, ಇಲ್ಲಾಂದ್ರೆ ಬೋರು.

ಬೋರಾದ್ರೆ ನಿಮ್ದೇ, ಯಾರನ್ನೂ ಕೇಳ್ಬೇಕಿಲ್ಲ, ಕರೆಂಟ್ ಬಂದಾಗ ಮೋಟ್ರು ಹಾಕಿದ್ರೆ ಟೊಮೆಟೊಗೆ ಡ್ರಿಪ್ಪಲ್ಲಿ ನೀರು. ಆದ್ರೆ ಸಾವಿರ ಅಡಿ ದಾಟಿದ್ರೂ ಬರೀ ಬಿಳಿ ಧೂಳು ಏಳೋದನ್ನ ನಾನೇ ನಿಂತು ನೋಡಿದೀನಿ, ಬೋರ್ ಲಾರಿಯೋರು ಅಡಿ ಲೆಕ್ಕದಲ್ಲಿ ದುಡ್ಡು ತಗೊಂಡು ಹೊರಟ್ರು, ಸಾಲ ಮನೇಲೇ ಉಳೀತು. ಆಳದ ನೀರಲ್ಲಿ ಫ್ಲೋರೈಡ್ ಕಾಟ ಬೇರೆ.

ಕೆರೆ ಮಳೆ ನಂಬ್ಕೊಂಡಿರುತ್ತೆ, ನಿಜ. ಆದ್ರೆ ಒಂದ್ಸಲ ತುಂಬಿ ಕೋಡಿ ಹೋದ್ರೆ ತೂಬಿಂದ ಅಚ್ಚುಕಟ್ಟಿಗೆ, ಅಂದ್ರೆ ಕೆರೆ ಕೆಳಗಿನ ಗದ್ದೆಗಳಿಗೆ ನೀರು, ದನಕ್ಕೆ ನೀರು, ಮೀನು ಹಿಡಿಯೋರಿಗೆ ಕೆಲಸ, ಸುತ್ತಲಿನ ಬತ್ತಿದ ಬೋರಲ್ಲೂ ನೀರು ಏರುತ್ತೆ. ಹಿಂದೆ ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೀರುಗಂಟಿ ನೋಡ್ಕೋತಿದ್ದ, ಈಗ ಅದನ್ನ ಊರೋರೇ ಕೂತು ಮಾತಾಡ್ಬೇಕು, ಅದೇ ಕಷ್ಟ. ಎತ್ತಿದ ಹೂಳು ಕೈಯಲ್ಲಿ ಹಿಡಿದು ನೋಡಿ, ಕಪ್ಪಗೆ, ಜಿಗುಟಾಗಿ ಬೆರಳಿಗೆ ಅಂಟುತ್ತೆ, ಕೆಂಪು ಮಣ್ಣಿನ ಹೊಲಕ್ಕೆ ಹೊಡೆಸಿದ್ರೆ ತೇವ ಜಾಸ್ತಿ ದಿನ ನಿಲ್ಲುತ್ತೆ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರ್ತಿದೆ, ಆ ಪಟ್ಟೀಲಿ ನಿಮ್ಮೂರ ಕೆರೆ ಇದ್ರೆ ಹೊಸ ಬೋರಿನ ಯೋಚನೆ ಬಿಡಿ. ಇಲ್ಲದಿದ್ರೂ ನಾನಂತೂ ಕೆರೆ ಕಡೆಗೇ. ಆದ್ರೆ ಜೆಸಿಬಿ ಇಳಿಸೋಕ್ಮುಂಚೆ ನೀರು ಬರೋ ಕಾಲುವೆ ಒತ್ತುವರಿ ಆಗಿದ್ಯಾ ಅಂತ ಒಂದ್ಸಲ ನಡ್ಕೊಂಡು ಹೋಗಿ ನೋಡಿ, ಅದು ಮುಚ್ಚಿದ್ರೆ ಮೊದಲು ಅದನ್ನ ಬಿಡಿಸಿ.